ಹುಲಿಯ ನ್ಯಾಯ ಇಲಿಗೆ ಸಲ್ಲದು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಅರಿಯದ ಶ್ರಾವಕನಿಲ್ಲ. ಬಸದಿಗಳ ಶಾಸನಗಳಲ್ಲಿ ದಾನದ ಮಾತು ಮತ್ತೆ ಮತ್ತೆ ಬರುತ್ತದೆ. ಪರ್ವದಿನಗಳ ಪ್ರವಚನಗಳಲ್ಲಿ ಅದರ ಮಹಿಮೆ ತಪ್ಪದೆ ವರ್ಣಿತವಾಗುತ್ತದೆ. ಆದರೆ ಔಷಧದಾನವೂ ಅಭಯದಾನವೂ ಒಂದಕ್ಕೊಂದು ಎದುರಾಗಿ ನಿಂತಾಗ ಶ್ರಾವಕನ ಕರ್ತವ್ಯವೇನು ಎಂದು ಕೇಳುವವರು ವಿರಳ. ರೋಗಿಗೆ ಬೇಕಾದ ಔಷಧವು ರೂಪುಗೊಳ್ಳುವ ಮುನ್ನ ಸಾವಿರಾರು ಇಲಿಗಳ ಪ್ರಾಣವನ್ನು ಬೇಡುವುದಾದರೆ, ಅಂತಹ ಸಂಶೋಧನೆಗೆ ಧರ್ಮದ ಹಣ ಸಲ್ಲಬಹುದೇ? ಸಲ್ಲದೆಂದಾದರೆ, ಅದೇ ಔಷಧವನ್ನು ಸೇವಿಸುವ ಅಧಿಕಾರ ಶ್ರಾವಕನಿಗೆ ಎಲ್ಲಿಂದ ಬಂತು?

ಇದು ಪಂಡಿತರ ಗೋಷ್ಠಿಗೆ ಮಾತ್ರ ಮೀಸಲಾದ ಪ್ರಶ್ನೆಯಲ್ಲ. ಮೂಡಿಗೆರೆಯದೋ ಕಳಸದ್ದೋ ಕಾಫಿ ತೋಟದ ಮನೆಯ ಹೆಣ್ಣುಮಗಳೊಬ್ಬಳು ಜೀವರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕ್ಯಾನ್ಸರ್ ರೋಗದಲ್ಲಿ ಪ್ರೋಟಿಯೇಸ್‌ಗಳ ಪಾತ್ರವನ್ನು ಕುರಿತು ಸಂಶೋಧನೆ ನಡೆಸಲು ಬಸದಿಯ ಟ್ರಸ್ಟಿನಿಂದ ವಿದ್ಯಾರ್ಥಿವೇತನ ಬಯಸಿದಳೆಂದು ಭಾವಿಸಬಹುದು. ಆಡಳಿತ ಮಂಡಳಿಯಲ್ಲಿ ಮೂರು ಬಗೆಯ ಉತ್ತರಗಳು ಕೇಳಿಬರುತ್ತವೆ. "ಪ್ರಾಣಿಗಳನ್ನು ಕೊಲ್ಲುವ ವಿದ್ಯೆ ಶ್ರಾವಕ ಕುಲಕ್ಕೆ ಬೇಡ" ಎಂಬುದು ಮೊದಲನೆಯದು. "ರೋಗವೂ ಒಂದು ಶತ್ರುವೇ, ಶತ್ರುವಿನೊಡನೆ ಹೋರಾಡುವಾಗ ಆಗುವ ಹಿಂಸೆ ವಿರೋಧಿ ಹಿಂಸೆ, ಅದು ಗೃಹಸ್ಥನಿಗೆ ಕ್ಷಮ್ಯ" ಎಂಬುದು ಎರಡನೆಯದು. "ಪೂರ್ವಿಕರ ಆಹಾರದಲ್ಲೇ ಎಲ್ಲ ರೋಗಕ್ಕೂ ಮದ್ದಿದೆ, ಈ ಸಂಶೋಧನೆಗಳೆಲ್ಲ ಏತಕ್ಕೆ" ಎಂಬುದು ಮೂರನೆಯದು. ಈ ಮೂರೂ ಉತ್ತರಗಳು ಧರ್ಮದ ಮಾತಿನಂತೆ ತೋರುತ್ತವೆ. ಮೂರೂ ತಪ್ಪು. ಅವು ಏಕೆ ತಪ್ಪೆಂಬುದನ್ನು ಆ ಸಂಶೋಧನೆಯ ಚರಿತ್ರೆಯೇ ತೋರಿಸಿಕೊಡುತ್ತದೆ.

ಕತ್ತರಿಯ ಸ್ವಭಾವ

ಪ್ರೋಟಿಯೇಸ್ ಎಂದರೆ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಜಠರದ ಪೆಪ್ಸಿನ್, ಮೇದೋಜೀರಕದ ಟ್ರಿಪ್ಸಿನ್, ಪರಂಗಿಕಾಯಿಯ ಹಾಲಿನಲ್ಲಿರುವ ಪಪೇಯಿನ್ ಇವೆಲ್ಲ ಆ ಕುಲಕ್ಕೆ ಸೇರಿದವು. ಉಂಡ ಬೇಳೆ ರಕ್ತಗತವಾಗುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು, ಗಾಯ ಮಾಗುವುದು ಎಲ್ಲವೂ ಈ ಕತ್ತರಿಗಳ ಕೆಲಸದಿಂದಲೇ. ಕತ್ತರಿಗೆ ಒರೆಯೂ ಇದೆ. ಹೆಚ್ಚಿನ ಪ್ರೋಟಿಯೇಸ್‌ಗಳು ನಿಷ್ಕ್ರಿಯ ರೂಪದಲ್ಲಿ ಹುಟ್ಟಿ, ಬೇಕಾದ ಸ್ಥಳದಲ್ಲಿ ಬೇಕಾದ ಕಾಲಕ್ಕೆ ಮಾತ್ರ ಸಕ್ರಿಯವಾಗುತ್ತವೆ. ಅವುಗಳನ್ನು ತಡೆಹಿಡಿಯುವ ಪ್ರತಿರೋಧಕಗಳೂ ಶರೀರದಲ್ಲಿಯೇ ಇರುತ್ತವೆ.

ಮಳೆಗಾಲದಲ್ಲಿ ಮಲೆನಾಡಿನ ಗದ್ದೆಗಳ ನೀರಿನಲ್ಲಿ ಗೊದಮೊಟ್ಟೆಗಳು ತುಂಬಿರುತ್ತವೆ. ಅವು ಕಪ್ಪೆಯಾಗುವಾಗ ಬಾಲ ಎಲ್ಲಿ ಹೋಗುತ್ತದೆ? 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ಸಂಶೋಧಕರು ಇದಕ್ಕೆ ಉತ್ತರ ಕಂಡರು. ಬಾಲದ ಅಂಗಾಂಶವನ್ನು ಕಟ್ಟಿಹಿಡಿದಿರುವ ಕೊಲಾಜೆನ್ ಎಂಬ ಗಟ್ಟಿ ನಾರನ್ನು ಕತ್ತರಿಸಬಲ್ಲ ಕಿಣ್ವ ಆ ಬಾಲದಲ್ಲಿಯೇ ಇದ್ದಿತು. ಮುಂದೆ ಇದೇ ಕುಟುಂಬದ ಕಿಣ್ವಗಳು ಮನುಷ್ಯ ಶರೀರದಲ್ಲಿಯೂ ಕಂಡುಬಂದವು. ಅವುಗಳಿಗೆ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್‌ಗಳೆಂದು ಹೆಸರಾಯಿತು.

ಜೈನ ಕುಟುಂಬಗಳಿಗೆ ಪ್ರೋಟಿಯೇಸ್ ಅಪರಿಚಿತವೇನಲ್ಲ. ಚೀಸ್ ಕೊಳ್ಳುವಾಗ "ರೆನೆಟ್ ಇದೆಯೇ" ಎಂದು ಪೊಟ್ಟಣವನ್ನು ತಿರುಗಿಸಿ ನೋಡುವ ಶ್ರಾವಿಕೆ ವಿಚಾರಿಸುತ್ತಿರುವುದು ಒಂದು ಪ್ರೋಟಿಯೇಸನ್ನೇ. ಹಾಲೂಡುವ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ರೆನೆಟ್‌ನ ಸಾರವಾದ ಕೈಮೋಸಿನ್ ಹಾಲಿನ ಪ್ರೋಟೀನನ್ನು ಕತ್ತರಿಸಿ ಹಾಲನ್ನು ಗಟ್ಟಿಗೊಳಿಸುತ್ತದೆ. ಅದನ್ನು ಕರುವನ್ನು ಕೊಲ್ಲದೆ, ಸೂಕ್ಷ್ಮಜೀವಿಗಳ ಮೂಲಕ ತಯಾರಿಸುವ ವಿಧಾನಕ್ಕೆ 1990ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ನೀಡಿತು. ಆ ಬಳಿಕ ಜಗತ್ತಿನ ಚೀಸ್ ತಯಾರಿಕೆಯ ಬಹುಪಾಲು ಆ ದಾರಿಗೆ ಹೊರಳಿತು. ಹಂದಿ ಮತ್ತು ದನಗಳ ಮೇದೋಜೀರಕದಿಂದ ತೆಗೆಯುತ್ತಿದ್ದ ಇನ್ಸುಲಿನ್ 1982ರಿಂದ ಇದೇ ಬಗೆಯಲ್ಲಿ ತಯಾರಾಗತೊಡಗಿತು. ಕರುವನ್ನು ಉಳಿಸಿದ್ದು ಚೀಸ್ ತ್ಯಾಗ ಮಾಡಿದವರ ವ್ರತವೊಂದೇ ಅಲ್ಲ; ಬೇರೊಂದು ದಾರಿಯನ್ನು ಹುಡುಕಿದ ಪ್ರಯೋಗಾಲಯವೂ ಹೌದು. ವಿಜ್ಞಾನವನ್ನು ಹಿಂಸೆಯೆಂದು ಒಟ್ಟಾರೆಯಾಗಿ ತಳ್ಳಿಹಾಕುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಏಕಾಂತವಾದದ ಬೆಲೆ

ಕ್ಯಾನ್ಸರ್ ಗೆಡ್ಡೆ ಹುಟ್ಟಿದ ಜಾಗದಲ್ಲಿಯೇ ಉಳಿದರೆ ಶಸ್ತ್ರಚಿಕಿತ್ಸಕನು ಅದನ್ನು ತೆಗೆದುಹಾಕಬಲ್ಲನು. ಅದು ಹರಡಿದಾಗಲೇ ಅನರ್ಥ ಸಂಭವಿಸುತ್ತದೆ. ಹರಡಬೇಕಾದರೆ ಕ್ಯಾನ್ಸರ್ ಜೀವಕೋಶವು ತನ್ನ ಸುತ್ತಲಿನ ತಳಪೊರೆಯನ್ನು ಭೇದಿಸಿ ರಕ್ತನಾಳವನ್ನೋ ದುಗ್ಧನಾಳವನ್ನೋ ಸೇರಬೇಕು. ಆ ಪೊರೆಯ ಮುಖ್ಯ ದ್ರವ್ಯ ನಾಲ್ಕನೆಯ ಬಗೆಯ ಕೊಲಾಜೆನ್. 1980ರಲ್ಲಿ ಲ್ಯಾನ್ಸ್ ಲಿಯೋಟಾ ಮತ್ತು ಸಂಗಡಿಗರು ಹೆಚ್ಚು ಹರಡುವ ಗೆಡ್ಡೆಯ ಕೋಶಗಳು ಈ ಕೊಲಾಜೆನ್ನನ್ನು ಹೆಚ್ಚು ಕರಗಿಸುತ್ತವೆಂದು 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಮರುವರ್ಷ, 1981ರಲ್ಲಿ, ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಬಾನಿ ಸ್ಲೋನ್ ಮತ್ತು ಸಹೋದ್ಯೋಗಿಗಳು ಕೆಥೆಪ್ಸಿನ್ ಬಿ ಎಂಬ ಇನ್ನೊಂದು ಪ್ರೋಟಿಯೇಸಿಗೂ ಗೆಡ್ಡೆ ಹರಡುವ ಶಕ್ತಿಗೂ ಸಂಬಂಧವಿರುವುದನ್ನು 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅವರು ಪರೀಕ್ಷಿಸಿದ್ದು ಇಲಿಯ ಚರ್ಮದ ಕ್ಯಾನ್ಸರನ್ನು. ಸ್ಲೋನ್ ಅವರ ದೀರ್ಘ ಸಂಶೋಧನ ಜೀವನ ಇದೇ ಕಿಣ್ವದ ಸುತ್ತ ಬೆಳೆಯಿತು.

ಕತ್ತರಿಯೇ ಕಳ್ಳನ ಆಯುಧವೆಂದಾದರೆ ಅದನ್ನು ಕಸಿದುಕೊಂಡರೆ ಸಾಕೆಂಬ ತರ್ಕ ಸಹಜವಾಗಿಯೇ ಹುಟ್ಟಿತು. ಬ್ರಿಟಿಷ್ ಬಯೋಟೆಕ್ ಸಂಸ್ಥೆ ಬಾಟಿಮಾಸ್ಟಾಟ್, ಮಾರಿಮಾಸ್ಟಾಟ್ ಎಂಬ ಪ್ರತಿರೋಧಕಗಳನ್ನು ತಯಾರಿಸಿತು. ಬೇರೆ ಸಂಸ್ಥೆಗಳೂ ಹಿಂಬಾಲಿಸಿದವು. ಇಲಿಗಳಲ್ಲಿ ಫಲಿತಾಂಶ ಆಶಾದಾಯಕವಾಗಿತ್ತು. ಮನುಷ್ಯರಲ್ಲಿ ಆದದ್ದು ಬೇರೆ. ಮಾರಿಮಾಸ್ಟಾಟ್ ಸೇವಿಸಿದ ಅನೇಕ ರೋಗಿಗಳು ಕೀಲುಗಳ, ಸ್ನಾಯುಗಳ ತೀವ್ರ ನೋವಿನಿಂದ ಬಳಲಿದರು. ಮೇದೋಜೀರಕದ ಕ್ಯಾನ್ಸರಿನಲ್ಲಿ ಅದು ಬಳಕೆಯಲ್ಲಿದ್ದ ಔಷಧಕ್ಕಿಂತ ಮೇಲೆನಿಸಲಿಲ್ಲ. ಬೇಯರ್ ಸಂಸ್ಥೆಯ ಪ್ರತಿರೋಧಕವನ್ನು ಪಡೆದ ಒಂದು ಬಗೆಯ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳ ಸ್ಥಿತಿ ಹುಸಿಗುಳಿಗೆ ಪಡೆದವರಿಗಿಂತ ಕೆಟ್ಟುದಾಗಿತ್ತು. 1999ರಲ್ಲಿ ಆ ಪರೀಕ್ಷೆಗಳನ್ನು ನಿಲ್ಲಿಸಲಾಯಿತು. ಲೀಸಾ ಕುಸೆನ್ಸ್, ಬಾರ್ಬರಾ ಫಿಂಗಲ್‌ಟನ್, ಲಿನ್ ಮಾಟ್ರಿಸಿಯನ್ ಎಂಬ ಸಂಶೋಧಕಿಯರು 2002ರಲ್ಲಿ ಈ ಸೋಲಿನ ವಿಮರ್ಶೆಯನ್ನು ಬರೆದರು. ಇಲಿಗಳಿಗೆ ಔಷಧ ಕೊಟ್ಟದ್ದು ರೋಗದ ಆರಂಭದಲ್ಲಿ, ಮನುಷ್ಯರಿಗೆ ಕೊಟ್ಟದ್ದು ರೋಗ ಉಲ್ಬಣಗೊಂಡ ಮೇಲೆ ಎಂಬುದು ಅದರ ಒಂದು ಮುಖ್ಯ ಅಂಶವಾಗಿತ್ತು.

ಇನ್ನೂ ಆಳದ ಕಾರಣ ಮುಂದೆ ತಿಳಿಯಿತು. ಸ್ಪೇನಿನ ಕಾರ್ಲೋಸ್ ಲೋಪೆಜ್-ಓಟಿನ್ ಮೊದಲಾದವರು ಕೆಲವು ಪ್ರೋಟಿಯೇಸ್‌ಗಳು ಗೆಡ್ಡೆಯನ್ನು ಬೆಳೆಸುವುದರ ಬದಲು ತಡೆಯುತ್ತವೆಂದು ತೋರಿಸಿದರು. ಮಿತ್ರನೂ ಶತ್ರುವೂ ಒಂದೇ ಮನೆತನದಲ್ಲಿದ್ದರು. ಔಷಧವು ಇಬ್ಬರನ್ನೂ ಕಟ್ಟಿಹಾಕಿತ್ತು. ಅನೇಕಾಂತವನ್ನು ಬಾಲ್ಯದಿಂದ ಕಲಿತವರಿಗೆ ಇದು ಬೆರಗು ಹುಟ್ಟಿಸಬೇಕಾಗಿಲ್ಲ. "ಪ್ರೋಟಿಯೇಸ್ ಶತ್ರುವೇ" ಎಂಬುದು ಏಕಾಂತ. ಯಾವ ಕಿಣ್ವ, ಯಾವ ಅಂಗದಲ್ಲಿ, ರೋಗದ ಯಾವ ಹಂತದಲ್ಲಿ ಎಂಬ ಅಪೇಕ್ಷೆಗಳನ್ನು ಬಿಟ್ಟು ಆಡಿದ ಮಾತಿಗೆ ಪ್ರಾಣಿಗಳೂ ಬೆಲೆ ತೆತ್ತವು, ರೋಗಿಗಳೂ ಬೆಲೆ ತೆತ್ತರು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸುವುದೂ ಏಕಾಂತವೇ ಆದೀತು. ಜೀವಕೋಶದೊಳಗೆ ಬೇಡವಾದ ಪ್ರೋಟೀನುಗಳನ್ನು ತುಂಡರಿಸುವ ಪ್ರೋಟಿಯಸೋಮ್ ಎಂಬ ಯಂತ್ರವನ್ನು ತಡೆಯುವ ಬೋರ್ಟೆಝೊಮಿಬ್ ಎಂಬ ಔಷಧಕ್ಕೆ 2003ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ಚಿಕಿತ್ಸೆಯನ್ನು ಅದು ಬದಲಿಸಿತು; ಭಾರತದಲ್ಲಿಯೂ ಇಂದು ಬಳಕೆಯಲ್ಲಿದೆ. ಅದೂ ಪ್ರಾಣಿಗಳ ಮೇಲೆ ಪರೀಕ್ಷಿತವಾಗಿಯೇ ಬಂದ ಔಷಧ. ಮಲೆನಾಡಿನ ಶ್ರಾವಕನು ಘಟ್ಟವಿಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಆ ಚುಚ್ಚುಮದ್ದನ್ನು ಪಡೆದು, ಮರಳಿ ಬಂದು ಟ್ರಸ್ಟಿನ ಸಭೆಯಲ್ಲಿ ಕುಳಿತು "ಈ ವಿದ್ಯೆ ನಮಗೆ ಬೇಡ" ಎಂದರೆ, ಅದು ಅಹಿಂಸೆಯಲ್ಲ. ಹಿಂಸೆಯನ್ನು ಪರರ ಕೈಯಿಂದ ಮಾಡಿಸಿ ಫಲವನ್ನು ತಾನು ಉಣ್ಣುವುದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನೂ ದೋಷವೆಂದು ಎಣಿಸುವ ಧರ್ಮದಲ್ಲಿ ಈ ಉಪಾಯಕ್ಕೆ ಸ್ಥಾನವಿಲ್ಲ.

ಅಂಗಡಿಯ ಹುಲಿ

ಎರಡನೆಯ ಉತ್ತರ ಹೆಚ್ಚು ಪಾಂಡಿತ್ಯದ್ದು. ಆದುದರಿಂದ ಹೆಚ್ಚು ಅಪಾಯಕಾರಿ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಪದ್ಧತಿಯಿದೆ. ಅಡುಗೆ, ಗುಡಿಸುವಿಕೆಗಳಲ್ಲಿ ಆಗುವುದು ಆರಂಭೀ. ಬೇಸಾಯ, ವಾಣಿಜ್ಯಗಳಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧೀ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕು. ಪ್ರಯೋಗಾಲಯದ ಹಿಂಸೆಯನ್ನು ವಿರೋಧೀ ಹಿಂಸೆಯ ಸಾಲಿಗೆ ಸೇರಿಸುವವರು ಸ್ಥಳೀಯ ಪ್ರಮಾಣವೊಂದನ್ನೂ ಮುಂದಿಡುತ್ತಾರೆ. ಮೂಡಿಗೆರೆ ತಾಲೂಕಿನ ಅಂಗಡಿಯೇ ಪ್ರಾಚೀನ ಸೊಸೆವೂರು. ಅಲ್ಲಿ ಜೈನಮುನಿ ಸುದತ್ತರ ಬಳಿ ಸಳನಿದ್ದಾಗ ಹುಲಿಯೊಂದು ಮೇಲೆರಗಿತೆಂದೂ, ಮುನಿಗಳು "ಹೊಯ್ ಸಳ" ಎಂದು ಆಜ್ಞಾಪಿಸಿದರೆಂದೂ, ಅದರಿಂದಲೇ ಹೊಯ್ಸಳ ವಂಶಕ್ಕೆ ಹೆಸರು ಬಂತೆಂದೂ ಐತಿಹ್ಯ. ಮುನಿಯೇ ಹುಲಿಯನ್ನು ಹೊಡೆಯೆಂದ ಮೇಲೆ ವೈದ್ಯವಿಜ್ಞಾನಿಯು ಇಲಿಯನ್ನು ಕೊಂದರೆ ತಪ್ಪೇನು ಎಂಬುದು ಅವರ ವಾದ.

ಈ ವಾದದ ದೋಷವನ್ನು ಕಾಣಲು ಹೆಚ್ಚಿನ ಪಾಂಡಿತ್ಯ ಬೇಕಾಗಿಲ್ಲ. ಹುಲಿ ಮೇಲೆ ಬಿದ್ದಿತ್ತು. ಇಲಿ ಯಾರ ಮೇಲೂ ಬಿದ್ದಿಲ್ಲ. ಇಲ್ಲಿ ಮೇಲೆರಗಿರುವುದು ಕ್ಯಾನ್ಸರ್ ಕೋಶ. ಅದನ್ನು ಔಷಧದಿಂದ ಕೊಲ್ಲುವುದನ್ನು ವಿರೋಧೀ ಎನ್ನಬಹುದು. ಆದರೆ ಆರೋಗ್ಯವಂತ ಇಲಿಯನ್ನು ಅದಕ್ಕೆಂದೇ ಸಾಕಿ, ಅದರ ಶರೀರದಲ್ಲಿ ಗೆಡ್ಡೆಯನ್ನು ನೆಟ್ಟು, ಅದು ಹರಡುವುದನ್ನು ಅಳೆದು, ಕೊನೆಗೆ ಕೊಲ್ಲುವುದು ಯಾವ ಶತ್ರುವಿನ ಪ್ರತಿರೋಧ? ಇಲಿ ಪಂಚೇಂದ್ರಿಯ ಜೀವ. ನೋವನ್ನೂ ಭಯವನ್ನೂ ಅರಿಯುತ್ತದೆ. ಅದನ್ನು ಕೊಲ್ಲುವ ದಿನವನ್ನು ಮೊದಲೇ ಪುಸ್ತಕದಲ್ಲಿ ಬರೆದಿಟ್ಟಿರುವಾಗ ಅದಕ್ಕೆ ಸಂಕಲ್ಪವಲ್ಲದೆ ಬೇರೆ ಹೆಸರಿಲ್ಲ. ಒಂದನ್ನು ಕೊಂದರೆ ಹಲವನ್ನು ಉಳಿಸಬಹುದೆಂಬ ಲೆಕ್ಕವನ್ನು ಅಮೃತಚಂದ್ರಾಚಾರ್ಯರು ತಮ್ಮ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸ್ರಪ್ರಾಣಿಗಳ ವಿಷಯದಲ್ಲಿಯೇ ಒಪ್ಪಲಿಲ್ಲ. ಹಿಂಸ್ರಪ್ರಾಣಿಗೇ ಸಲ್ಲದ ಲೆಕ್ಕ ನಿರುಪದ್ರವಿಯಾದ ಇಲಿಗೆ ಹೇಗೆ ಸಂದೀತು?

ಹಾಗೆಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರನ್ನು ಕಟುಕರೆಂದು ಕರೆಯುವುದು ಅನ್ಯಾಯ. ಹಿಂಸೆಯ ನಿರೂಪಣೆಯಲ್ಲಿ ಪ್ರಾಣಹರಣದೊಡನೆ ಪ್ರಮಾದವನ್ನೂ ಸೇರಿಸಿದ ಪರಂಪರೆ ಜೈನರದು. ವಿಜ್ಞಾನಿಯ ಭಾವವೂ ಬೇಟೆಗಾರನ ಭಾವವೂ ಒಂದಲ್ಲ. ಆದರೆ ಬೇರೆ ದಾರಿ ಇರುವಾಗ ಅದನ್ನು ನೋಡದೆ ಹಳೆಯ ದಾರಿಯಲ್ಲಿ ನಡೆಯುವುದು ಪ್ರಮಾದ. ಬೇರೆ ದಾರಿ ಇಲ್ಲದಿರುವಾಗ ಅದನ್ನು ನಿರ್ಮಿಸಲು ಹಣವನ್ನೂ ಮನಸ್ಸನ್ನೂ ಕೊಡದಿರುವುದೂ ಪ್ರಮಾದವೇ. ಮೊದಲನೆಯದು ವಿಜ್ಞಾನಿಯದಾದರೆ ಎರಡನೆಯದು ಸಮಾಜದ್ದು.

ರಾಗಿ ಮತ್ತು ಹುರುಳಿ

ಮೂರನೆಯ ಉತ್ತರವನ್ನು ಹೇಳುವವರಿಗೆ ತಿಳಿಯದ ಸಂಗತಿಯೊಂದಿದೆ. ಪೂರ್ವಿಕರ ಆಹಾರವನ್ನು ಪ್ರೋಟಿಯೇಸ್ ವಿಜ್ಞಾನ ಕಡೆಗಣಿಸಿಲ್ಲ. ಆ ಕೆಲಸ ಕರ್ನಾಟಕದಲ್ಲಿಯೇ ನಡೆದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಟಿ. ಎನ್. ಪಟ್ಟಾಭಿರಾಮನ್ ಅವರು ಸಸ್ಯಗಳಲ್ಲಿರುವ ಕಿಣ್ವ ಪ್ರತಿರೋಧಕಗಳನ್ನು ಕುರಿತು ಲೇಖನಮಾಲೆಯನ್ನೇ ಪ್ರಕಟಿಸಿದರು. 1981ರಲ್ಲಿ ಅವರೂ ಬಿ. ಶಿವರಾಜ್ ಅವರೂ ರಾಗಿಯಲ್ಲಿ ಒಂದು ಅಪೂರ್ವ ಪ್ರೋಟೀನನ್ನು ವಿವರಿಸಿದರು. ಪಿಷ್ಟವನ್ನು ಒಡೆಯುವ ಅಮೈಲೇಸನ್ನೂ ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ನನ್ನೂ ಅದು ಒಂದೇ ಅಣುವಿನಿಂದ ತಡೆಯುತ್ತಿತ್ತು. 1983ರಲ್ಲಿ ವಿದೇಶದ ಸಂಶೋಧಕರು ಅದರ 122 ಅಮೈನೋ ಆಮ್ಲಗಳ ಸರಣಿಯನ್ನು ಬಿಡಿಸಿದರು. ಕಡೂರಿನ ಬಯಲಿನಲ್ಲಿ ಬೆಳೆಯುವ ರಾಗಿ ಹೀಗೆ ಜಗತ್ತಿನ ಜೀವರಸಾಯನಶಾಸ್ತ್ರದ ಪುಟಗಳನ್ನು ಸೇರಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಲಲಿತಾ ಆರ್. ಗೌಡ ಅವರ ತಂಡ ಹುರುಳಿಯಲ್ಲಿರುವ ಇಂತಹುದೇ ಪ್ರತಿರೋಧಕಗಳನ್ನು ಬೇರ್ಪಡಿಸಿತು. ಒಂದು ತಲೆಯಿಂದ ಟ್ರಿಪ್ಸಿನ್ನನ್ನೂ ಇನ್ನೊಂದು ತಲೆಯಿಂದ ಕೈಮೋಟ್ರಿಪ್ಸಿನ್ನನ್ನೂ ಹಿಡಿಯುವ ಈ ಕುಟುಂಬಕ್ಕೆ ಸೋಯಾ ಅವರೆಯಲ್ಲಿ ಅದನ್ನು ಮೊದಲು ಅಭ್ಯಸಿಸಿದ ಬೋಮನ್ ಮತ್ತು ಬರ್ಕ್ ಅವರ ಹೆಸರಿದೆ.

ಇಷ್ಟು ಕೇಳಿದೊಡನೆ "ಹುರುಳಿ ಸಾರು ಉಂಡವನಿಗೆ ಕ್ಯಾನ್ಸರಿಲ್ಲ" ಎಂದು ಘೋಷಿಸುವವರು ಹುಟ್ಟಿಕೊಳ್ಳುತ್ತಾರೆ. ಅದು ಸತ್ಯವ್ರತಕ್ಕೆ ಮಾಡುವ ಅಪಚಾರ. ಹುರುಳಿಯನ್ನು ಬೇಯಿಸಿದಾಗ ಈ ಪ್ರತಿರೋಧಕಗಳ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ. ಅವು ಪಚನಕ್ಕೆ ಅಡ್ಡಿಯಾಗುವುದರಿಂದ ಹಾಗೆ ಕುಗ್ಗುವುದು ಅಗತ್ಯವೂ ಹೌದು. ಸೋಯಾ ಮೂಲದ ಪ್ರತಿರೋಧಕದ ಸಾರವನ್ನು ಬಾಯಿಯೊಳಗಿನ ಬಿಳಿ ಮಚ್ಚೆಗಳಿಗೆ, ಎಂದರೆ ಮುಂದೆ ಕ್ಯಾನ್ಸರಾಗಬಹುದಾದ ಗುರುತುಗಳಿಗೆ, ಪ್ರಯೋಗಿಸಿ ನೋಡಲಾಯಿತು. 2000ದಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆ ಆಸೆ ಹುಟ್ಟಿಸಿತು. ಹುಸಿಮದ್ದಿನೊಡನೆ ಹೋಲಿಸಿದ, 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಆ ಆಸೆ ನಿಲ್ಲಲಿಲ್ಲ. ಸಸ್ಯದಿಂದ ಬಂದದ್ದೆಂಬ ಕಾರಣಕ್ಕೆ ಔಷಧವು ಸತ್ಯವಾಗುವುದಿಲ್ಲ, ಇಲಿಯನ್ನು ಗುಣಪಡಿಸಿತೆಂಬ ಕಾರಣಕ್ಕೂ ಆಗುವುದಿಲ್ಲ.

ಬಾಯಿಯ ಮಚ್ಚೆಯ ಮಾತು ಬಂದಾಗ ಮಲೆನಾಡಿಗೆ ಕಹಿಯಾದ ಮಾತೊಂದನ್ನು ಆಡಲೇಬೇಕಾಗಿದೆ. ಹೊಗೆಸೊಪ್ಪು ಬೆರೆತ ತಾಂಬೂಲ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೇಳಿತು. 2004ರಲ್ಲಿ ಪ್ರಕಟವಾದ ಅದರ ಗ್ರಂಥ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಈ ತೀರ್ಮಾನ ಮುಖ್ಯವಾಗಿ ನಿಂತದ್ದು ಜಗಿಯುವ ಮನುಷ್ಯರನ್ನೇ ಅವಲೋಕಿಸಿ ಪಡೆದ ಸಾಕ್ಷ್ಯದ ಮೇಲೆ. ಆ ಜ್ಞಾನವನ್ನು ಆಚರಣೆಗೆ ತರಲು ಇನ್ನೊಂದು ಇಲಿಯೂ ಸಾಯಬೇಕಾಗಿಲ್ಲ. ಪ್ರಯೋಗಾಲಯದ ಇಲಿಗಾಗಿ ಮರುಗುತ್ತ, ಮಂಗಳಕಾರ್ಯದ ಪಂಕ್ತಿ ಮುಗಿದೊಡನೆ ಎಳೆಯರ ಮುಂದೆ ಅಡಿಕೆ, ಹೊಗೆಸೊಪ್ಪಿನ ತಟ್ಟೆಯನ್ನು ಹಿಡಿಯುವ ಮನೆಗಳು ತಮ್ಮ ಅಹಿಂಸೆ ಎಲ್ಲಿಂದ ಆರಂಭವಾಗುತ್ತದೆ ಎಂದು ಕೇಳಿಕೊಳ್ಳಲಿ.

ಮತ್ತೊಂದು ದಾರಿ

ಹಾಗಾದರೆ ಸಂಶೋಧನೆಗೆ ದಾರಿಯಾವುದು? ಮೇಲೆ ಹೆಸರಿಸಿದ ಬಾನಿ ಸ್ಲೋನ್ ಅವರ ಸಂಶೋಧನ ಜೀವನದ ಉತ್ತರಾರ್ಧವೇ ಒಂದು ಉತ್ತರವನ್ನು ಕೊಡುತ್ತದೆ. ಕೊಲಾಜೆನ್ನಿಗೆ ಹೊಳಪಿನ ವರ್ಣದ್ರವ್ಯವನ್ನು ಒತ್ತೊತ್ತಾಗಿ ಜೋಡಿಸಿದರೆ ಆ ಹೊಳಪು ತನಗೆ ತಾನೇ ಅಡಗಿರುತ್ತದೆ. ಪ್ರೋಟಿಯೇಸ್ ಅದನ್ನು ಕತ್ತರಿಸಿದಾಗ ಬೆಳಗುತ್ತದೆ. ಈ ಉಪಾಯದಿಂದ ಸ್ಲೋನ್ ಅವರ ತಂಡ ಜೀವಂತ ಮಾನವ ಕ್ಯಾನ್ಸರ್ ಕೋಶಗಳು ಕೊಲಾಜೆನ್ನನ್ನು ಎಲ್ಲೆಲ್ಲಿ ಕತ್ತರಿಸುತ್ತವೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡು 2000ದಲ್ಲಿ ವರದಿ ಮಾಡಿತು. ಮುಂದೆ ಸ್ತನದ ಕ್ಯಾನ್ಸರ್ ಕೋಶಗಳನ್ನೂ ಅವುಗಳ ನೆರೆಯ ಕೋಶಗಳನ್ನೂ ಒಟ್ಟಿಗೆ ಮೂರು ಆಯಾಮಗಳಲ್ಲಿ ಬೆಳೆಸುವ ಮಾದರಿಗಳನ್ನು ಅದೇ ತಂಡ ರೂಪಿಸಿತು. ಇಲಿಯ ಗೆಡ್ಡೆಯಿಂದ ಆರಂಭವಾದ ಪ್ರಶ್ನೆ ಮಾನವ ಕೋಶದ ಬಳಿಗೆ ಬಂದು ಹೆಚ್ಚು ನಿಖರವೂ ಆಯಿತು.

ಈ ದಾರಿ ಕರ್ನಾಟಕಕ್ಕೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮರಾಯ್ ಭಟ್ ಅವರ ತಂಡ 2019ರಲ್ಲಿ ಸ್ತನದ ಕ್ಯಾನ್ಸರ್ ಕೋಶಗಳು ತಳಪೊರೆಯನ್ನು ದಾಟಿ ಹೊರಗಿನ ಕೊಲಾಜೆನ್ನಿಗೆ ನುಗ್ಗುವುದನ್ನು ಮೂರು ಆಯಾಮದ ಕೋಶಕೃಷಿಯಲ್ಲಿ ತೋರಿಸಿತು. ಅದರೊಡನೆ ಗಣಕಯಂತ್ರದ ಮಾದರಿಯನ್ನು ಹೊಂದಿಸಿ, ಮೆಟಲೋಪ್ರೋಟಿಯೇಸ್ ಮತ್ತು ಅದರ ಪ್ರತಿರೋಧಕಗಳ ಹರಡುವಿಕೆ ಈ ನುಗ್ಗುವಿಕೆಯನ್ನು ಹೇಗೆ ನಿಯಂತ್ರಿಸುತ್ತದೆಂದು ಪರಿಶೀಲಿಸಿತು. ಮೂಡಿಗೆರೆಯ ಹೆಣ್ಣುಮಗಳು ಕಲಿಯಬಹುದಾದ ವಿದ್ಯೆ ಇದು.

ಇಲ್ಲಿಯೂ ಸತ್ಯವನ್ನು ಮರೆಮಾಚಬಾರದು. ಕೋಶಕೃಷಿ ನಿರ್ಮಲ ಅಹಿಂಸೆಯಲ್ಲ. ಕೋಶಗಳಿಗೆ ಸಾಮಾನ್ಯವಾಗಿ ಉಣಿಸುವುದು ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಹಸುವಿನ ಭ್ರೂಣದಿಂದ ತೆಗೆದ ರಕ್ತದ ಸೀರಮ್ಮನ್ನು. ತಳಪೊರೆಯ ಬದಲಿಗೆ ಬಳಸುವ ಲೋಳೆಯಂತಹ ದ್ರವ್ಯ ಬರುವುದು ಇಲಿಯ ಗೆಡ್ಡೆಯಿಂದ. ಪಾತ್ರೆಗೆ ಅಂಟಿಕೊಂಡ ಕೋಶಗಳನ್ನು ಬಿಡಿಸಲು ಬಹುಕಾಲ ಬಳಸಿದ ಟ್ರಿಪ್ಸಿನ್ ಹಂದಿಯ ಮೇದೋಜೀರಕದ್ದು. ಆದರೆ ಇವೆಲ್ಲಕ್ಕೂ ಬದಲಿ ದ್ರವ್ಯಗಳು ತಯಾರಾಗುತ್ತಿವೆ. ಸೀರಮ್ ಬೇಡದ ಪೋಷಕದ್ರವಗಳು, ಕೃತಕ ಲೋಳೆಗಳು, ಸೂಕ್ಷ್ಮಜೀವಿಗಳಿಂದ ತಯಾರಾದ ಟ್ರಿಪ್ಸಿನ್ ಇವೆ. ಅವು ತುಟ್ಟಿಯಾಗಿರುವುದರಿಂದಲೂ ಹಳೆಯ ರೂಢಿ ಸುಲಭವಾಗಿರುವುದರಿಂದಲೂ ಬಳಕೆ ಮಂದಗತಿಯಲ್ಲಿ ಸಾಗಿದೆ. ಕರುವಿನ ರೆನೆಟ್ಟನ್ನು ಬಿಡಿಸಿದ ಕಥೆ ಇಲ್ಲಿ ಮತ್ತೊಮ್ಮೆ ನಡೆಯಬಲ್ಲುದು. ಅದಕ್ಕೆ ಬೇಕಾದುದು ಹಟಹಿಡಿದು ಕೇಳುವ ಸಮಾಜ ಮತ್ತು ಹಣ.

ಕಾನೂನೂ ಇಂದು ವಿರುದ್ಧವಾಗಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಅಧಿನಿಯಮ ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ಬಿಡಬೇಕೆಂಬ ತತ್ತ್ವವನ್ನು ಒಳಗೊಂಡಿದೆ. ಬದಲಿಸುವುದು, ಇಳಿಸುವುದು, ನೋವನ್ನು ತಗ್ಗಿಸುವುದು ಎಂಬ ಮೂರು ಸೂತ್ರಗಳನ್ನು ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ 1959ರಲ್ಲಿಯೇ ಮುಂದಿಟ್ಟರು. 2022ರ ಕೊನೆಯಲ್ಲಿ ಅಮೆರಿಕವೂ 2023ರಲ್ಲಿ ಭಾರತವೂ ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಯಿಲ್ಲದ ವಿಧಾನಗಳಿಗೆ ಅವಕಾಶ ಕೊಡುವಂತೆ ನಿಯಮಗಳನ್ನು ತಿದ್ದಿದವು. ಬಾಗಿಲು ತೆರೆದಿದೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವವರೇ ಹೊಸ್ತಿಲ ಹೊರಗೆ ನಿಂತಿದ್ದಾರೆ.

ಟ್ರಸ್ಟುಗಳ ಹೊಣೆ

ಪಂಚಕಲ್ಯಾಣ, ಜೀರ್ಣೋದ್ಧಾರಗಳಿಗೆ ಹಣ ಕೂಡಿಸುವ ಶಕ್ತಿ ಈ ಸಮಾಜಕ್ಕಿದೆ. ಅದು ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಅದರೊಂದು ಚಿಕ್ಕ ಪಾಲು ಔಷಧದಾನದ ಹೆಸರಿನಲ್ಲಿಯೇ ಸಂಶೋಧನೆಗೆ ಹೋಗಲಿ, ಅಭಯದಾನದ ಕರಾರಿನೊಡನೆ ಹೋಗಲಿ. ಕ್ಯಾನ್ಸರ್ ಸಂಶೋಧನೆಗೆ ಹೊರಟ ವಿದ್ಯಾರ್ಥಿಗೆ ವೇತನ ನೀಡುವ ಟ್ರಸ್ಟು ಮಾನವ ಕೋಶ, ಗಣಕ ಮಾದರಿ, ಸಸ್ಯಮೂಲದ ಪ್ರತಿರೋಧಕಗಳಂತಹ ವಿಧಾನಗಳನ್ನು ಅನುಸರಿಸುವವರಿಗೆ ಆದ್ಯತೆ ಕೊಡಲಿ. ಕರುವಿನ ಸೀರಮ್ಮಿನ ಬದಲು ಬೇರೆ ಪೋಷಕದ್ರವ ಬಳಸುವುದರಿಂದ ತಗಲುವ ಹೆಚ್ಚಿನ ವೆಚ್ಚವನ್ನು ತಾನೇ ಭರಿಸಲಿ. ಒಂದು ಚಿಕ್ಕ ಟ್ರಸ್ಟಿಗೂ ಇದು ಅಸಾಧ್ಯವಲ್ಲ.

ಹಣವಿಲ್ಲದ ಮನೆಯೂ ಕೊಡಬಹುದಾದ ದಾನವೊಂದಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆ ರೋಗನಿರ್ಣಯದ ಬಳಿಕ ಹೆಚ್ಚಾಗಿ ಸುಟ್ಟುಹೋಗುತ್ತದೆ. ಇಲಿಯ ಗೆಡ್ಡೆಗಿಂತ ಮಾನವ ರೋಗವನ್ನು ಅದು ಚೆನ್ನಾಗಿ ತಿಳಿಸಬಲ್ಲುದು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಬಡ ಕಪ್ಪು ಮಹಿಳೆಯ ಗೆಡ್ಡೆಯ ಕೋಶಗಳನ್ನು ಆಕೆಯನ್ನು ಕೇಳದೆ ತೆಗೆದುಕೊಳ್ಳಲಾಯಿತು. ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಅವನ್ನು ಬಳಸುತ್ತಿವೆ. ಕೊಡದುದನ್ನು ತೆಗೆದುಕೊಳ್ಳುವುದು ಅಚೌರ್ಯವ್ರತಕ್ಕೆ ವಿರುದ್ಧ. ಆದರೆ ತಿಳಿದು, ಒಪ್ಪಿ, ಬರವಣಿಗೆಯಲ್ಲಿ ಸಮ್ಮತಿಯಿತ್ತು ಕೊಟ್ಟರೆ ಅದು ದಾನ. ಅಂತಹ ದಾನ ಮಾಡುವಂತೆ ಪ್ರವಚನಗಳಲ್ಲಿ ಬೋಧಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇಷ್ಟಾದರೂ ಇಲಿಯ ಮೇಲಿನ ಪ್ರಯೋಗ ನಾಳೆಯೇ ನಿಲ್ಲುವುದಿಲ್ಲ. ಇಡೀ ಶರೀರದಲ್ಲಿ ರೋಗ ಸಂಚರಿಸುವ ಬಗೆಯನ್ನು ಕೋಶಪಾತ್ರೆ ಇನ್ನೂ ಪೂರ್ತಿಯಾಗಿ ತೋರಿಸಲಾರದು. ಹಾಗೆ ಹೇಳುವ ವಿಜ್ಞಾನಿಗಳು ಸುಳ್ಳಾಡುತ್ತಿಲ್ಲ. ಆ ಔಷಧ ಬೇಕಾದ ಶ್ರಾವಕನು ಅದನ್ನು ಸೇವಿಸಲಿ. ಆದರೆ ಅದರಲ್ಲಿ ಹಿಂಸೆಯಿಲ್ಲವೆಂದು ಹೇಳದಿರಲಿ. ದೋಷವನ್ನು ದೋಷವೆಂದು ಒಪ್ಪಿ ಪ್ರತಿಕ್ರಮಣ ಮಾಡುವ ಪದ್ಧತಿ ಇರುವುದು ಇಂತಹ ಸಂದರ್ಭಗಳಿಗಾಗಿಯೇ. ಪ್ರಾಯಶ್ಚಿತ್ತದ ನಿಜವಾದ ರೂಪ ಮುಂದಿನ ರೋಗಿಗೆ ಅದೇ ಔಷಧವನ್ನು ಕಡಿಮೆ ಹಿಂಸೆಯಿಂದ ದೊರಕಿಸುವ ಕೆಲಸಕ್ಕೆ ಕೈಗೂಡಿಸುವುದು. ಅಂಗಡಿಯ ಹುಲಿಯ ಕಥೆಯನ್ನು ಹೇಳಿ ಅದರಿಂದ ತಪ್ಪಿಸಿಕೊಳ್ಳಲಾಗದು.

ಬಸದಿಯ ಟ್ರಸ್ಟಿಗೆ ವಿದ್ಯಾರ್ಥಿವೇತನದ ಅರ್ಜಿ ಬಂದಾಗ ಆಡಳಿತ ಮಂಡಳಿಯು ಕೇಳಬೇಕಾದ ಪ್ರಶ್ನೆ "ಈ ವಿದ್ಯೆಯಲ್ಲಿ ಹಿಂಸೆಯಿದೆಯೇ" ಎಂಬುದಲ್ಲ. ಇದೆಯೆಂಬುದು ಎಲ್ಲರಿಗೂ ಗೊತ್ತು. "ಈ ವಿದ್ಯೆಯಲ್ಲಿರುವ ಹಿಂಸೆಯನ್ನು ಇಳಿಸಲು ನೀನು ಏನು ಮಾಡಬಲ್ಲೆ, ಅದಕ್ಕೆ ಈ ಟ್ರಸ್ಟು ಎಷ್ಟು ಕೊಡಬೇಕು" ಎಂದು ಕೇಳಬೇಕು. ಹಾಗೆ ಕೇಳಿ ಚೆಕ್ಕಿಗೆ ಸಹಿ ಹಾಕಿದ ದಿನ ಔಷಧದಾನವೂ ಅಭಯದಾನವೂ ಒಂದೇ ಕೈಯಿಂದ ಸಂದಂತಾಗುವುದು.